ಗಾಜಿನ ಮೇಜಿನ ಹಿಂದಿನ ಹೆಂಗಸು: ಎಲಿನರ್ ಗಿಬ್ಸನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಒಂದು ಫೋಟೊ ಮತ್ತೆ ಮತ್ತೆ ಸಿಗುತ್ತದೆ. ಚೌಕಳಿ ಹಾಸು, ಅದರ ಮೇಲೆ ದಪ್ಪ ಗಾಜು, ಅಂಬೆಗಾಲಲ್ಲಿ ಬಂದು ಅಂಚಿನಲ್ಲಿ ನಿಂತು ಕೆಳಗೆ ಇಣುಕುತ್ತಿರುವ ಒಂದು ಕೂಸು. ಪಕ್ಕದಲ್ಲಿ ‘ಗಿಬ್ಸನ್ ಮತ್ತು ವಾಕ್, 1960’ ಅಂತ ಒಂದು ಸಾಲು. ಆ ಗಿಬ್ಸನ್ ಯಾರೋ ಗಂಡಸು ಅಂದುಕೊಂಡೇ ಎಷ್ಟೋ ಜನ ಪುಟ ತಿರುವುತ್ತಾರೆ. ನಾನೂ ಹಾಗೇ ತಿರುವಿದ್ದೆ. ಆಮೇಲೆ ಅವರ ಕಥೆ ಓದಿದಾಗ ಗಾಜಿನ ಮೇಜಿಗಿಂತ ಅದರ ಹಿಂದಿದ್ದ ಬದುಕೇ ಜಾಸ್ತಿ ಹಿಡಿಸಿತು. ಅವರ ಬಗ್ಗೆ ಹೇಳಲು ಹೊರಟಾಗೆಲ್ಲ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ.

ಎಲಿನರ್ ಗಿಬ್ಸನ್ ಯಾರು? ಎರಡು ಮಾತಲ್ಲಿ ಹೇಳಿ.

ಅಮೆರಿಕದ ಪ್ರಯೋಗಾತ್ಮಕ ಮನೋವಿಜ್ಞಾನಿ. ಹುಟ್ಟಿದ್ದು 1910ರ ಡಿಸೆಂಬರ್ 7ರಂದು, ಇಲಿನಾಯ್ ರಾಜ್ಯದ ಪಿಯೋರಿಯಾ ಊರಲ್ಲಿ. ತೀರಿಕೊಂಡಿದ್ದು 2002ರ ಡಿಸೆಂಬರ್ 30ರಂದು. ಕಣ್ಣು, ಕಿವಿ, ಕೈಯಿಂದ ನಾವು ಲೋಕವನ್ನು ತಿಳಿಯುತ್ತೇವಲ್ಲ, ಆ ತಿಳಿಯುವಿಕೆ ಚಿಕ್ಕಂದಿನಿಂದ ಹೇಗೆ ಚುರುಕಾಗುತ್ತಾ ಹೋಗುತ್ತದೆ ಅನ್ನೋದು ಅವರ ಜೀವಮಾನದ ಪ್ರಶ್ನೆ. ಇದನ್ನು ಅವರು ‘ಗ್ರಹಿಕೆಯ ಕಲಿಕೆ’ ಅನ್ನುತ್ತಿದ್ದರು.

ಜೇಮ್ಸ್ ಗಿಬ್ಸನ್ ಅಂತ ಇನ್ನೊಬ್ಬರಿದ್ದಾರಲ್ಲ, ಅವರೇನಾಗಬೇಕು ಇವರಿಗೆ?

ಗಂಡ. ಅವರೂ ದೊಡ್ಡ ಹೆಸರು. ಗೊಂದಲ ಬೇಡ ಅಂತ ಇಲ್ಲಿ ಇವರನ್ನು ಎಲಿನರ್ ಅಂತ, ಅವರನ್ನು ಜೇಮ್ಸ್ ಅಂತ ಕರೆಯುತ್ತೇನೆ. ಹತ್ತಿರದವರು ಎಲಿನರ್ ಅವರನ್ನು ‘ಜ್ಯಾಕಿ’ ಅನ್ನುತ್ತಿದ್ದರು. ತವರಿನ ಮನೆಹೆಸರು ಜ್ಯಾಕ್, ಅದರಿಂದ ಬಂದದ್ದು.

ಇಬ್ಬರೂ ಕೂಡಿ ಬರೆದದ್ದು ಕಡಿಮೆ. ಅದರಲ್ಲಿ 1955ರ ಒಂದು ಲೇಖನ ತುಂಬ ಮುಖ್ಯ, ಅದರ ವಿಷಯ ಮುಂದೆ ಬರುತ್ತದೆ. ಜೇಮ್ಸ್ ಕೇಳುತ್ತಿದ್ದದ್ದು ದೊಡ್ಡವರು ಹೇಗೆ ನೋಡುತ್ತಾರೆ ಅಂತ. ಹಾಗೆ ನೋಡುವುದನ್ನು ಅವರು ಕಲಿತದ್ದು ಹೇಗೆ ಅನ್ನೋದು ಎಲಿನರ್ ಅವರ ಪ್ರಶ್ನೆ. ಒಂದೇ ಮನೆಯಲ್ಲಿ ಎರಡು ಪ್ರಶ್ನೆ. ‘ಗಂಡನ ವಿಚಾರವನ್ನೇ ಮಕ್ಕಳ ಮೇಲೆ ಪ್ರಯೋಗ ಮಾಡಿದರು’ ಅಂತ ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಇವರ ಪಿಎಚ್‌ಡಿ ಕೆಲಸದಲ್ಲೇ ಇವರದೇ ಆದ ದಾರಿ ಕಾಣುತ್ತದೆ.

ಮನೋವಿಜ್ಞಾನದ ಕಡೆಗೆ ಬಂದದ್ದು ಹೇಗೆ?

ಹದಿನಾರನೇ ವಯಸ್ಸಿಗೆ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿಗೆ ಸೇರಿದರು. ಅದು ಹೆಣ್ಣುಮಕ್ಕಳ ಕಾಲೇಜು. ಜರ್ಮನಿಯಿಂದ ಬಂದ ಹೆಸರಾಂತ ಮನೋವಿಜ್ಞಾನಿ ಕುರ್ಟ್ ಕೊಫ್ಕಾ ಕೂಡ ಆಗ ಅಲ್ಲೇ ಇದ್ದರು. ಡಿಗ್ರಿ ಮುಗಿದದ್ದು 1931ರಲ್ಲಿ.

ಅದರ ಹಿಂದಿನ ವರ್ಷದ ಪದವಿ ಸಮಾರಂಭದ ಹೊತ್ತಿನ ಒಂದು ತೋಟದ ಪಾರ್ಟಿಯ ಕಥೆ ಇದೆ. ಅತಿಥಿಗಳನ್ನು ಎದುರುಗೊಳ್ಳುವ ಕೆಲಸ ಸಿಕ್ಕಿದ್ದು ಜೇಮ್ಸ್ ಎಂಬ ಎಳೆಯ ಮೇಷ್ಟರಿಗೆ. ಮಳೆ ಶುರುವಾಯಿತು, ಪಾರ್ಟಿ ಕೆಟ್ಟಿತು, ಇಬ್ಬರಿಗೂ ಪರಿಚಯವಾಯಿತು. ಎಲಿನರ್ ಹೋಗಿ ಮುಂದಿನ ಟರ್ಮಿಗೆ ಜೇಮ್ಸ್ ಅವರ ಪ್ರಯೋಗದ ಕ್ಲಾಸಿಗೆ ಹೆಸರು ಹಚ್ಚಿದರು. 1932ರಲ್ಲಿ ಮದುವೆ, 1933ರಲ್ಲಿ ಸ್ಮಿತ್‌ನಲ್ಲೇ ಎಂಎ. ಆಗ ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಸಿಕ್ಕ ಕೆಲಸವೇ ದೊಡ್ಡದು ಅನ್ನುವ ಹಾಗೆ ಅಲ್ಲೇ ಪಾಠ ಮಾಡಿಕೊಂಡಿದ್ದರು.

ಯೇಲ್‌ನಲ್ಲಿ ಅವರನ್ನು ಬಾಗಿಲಿಂದಲೇ ಕಳಿಸಿದರು ಅನ್ನೋದು ನಿಜವೇ?

ನಿಜ. 1935ರಲ್ಲಿ ಪಿಎಚ್‌ಡಿಗೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರಾಣಿಗಳ ಮೇಲೆ ಕೆಲಸ ಮಾಡುವ ಆಸೆ. ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾಗಿದ್ದ ರಾಬರ್ಟ್ ಯರ್ಕ್ಸ್ ಅಲ್ಲಿದ್ದರು. ಅವರನ್ನು ನೋಡಿ, ನಿಮ್ಮ ಕೈಕೆಳಗೆ ಕೆಲಸ ಮಾಡಬೇಕು ಅಂದರು. ಯರ್ಕ್ಸ್ ಎದ್ದು ಹೋಗಿ ಬಾಗಿಲು ತೆರೆದು ಹಿಡಿದು, ನನ್ನ ಲ್ಯಾಬ್‌ನಲ್ಲಿ ಹೆಂಗಸರು ಇರುವುದಿಲ್ಲ ಅಂದರಂತೆ. ಎಲಿನರ್ ಅವರೇ ಹೇಳಿಕೊಂಡ ಮಾತು ಇದು.

ಅವರು ಊರಿಗೆ ವಾಪಸ್ ಹೋಗಲಿಲ್ಲ. ಕ್ಲಾರ್ಕ್ ಹಲ್ ಅವರ ಹತ್ತಿರ ಹೋದರು. ಹಲ್ ಕಟ್ಟುನಿಟ್ಟಿನ ನಡವಳಿಕೆವಾದಿ. ಉದ್ದೀಪನ, ಪ್ರತಿಕ್ರಿಯೆ, ಸೂತ್ರ, ಇಷ್ಟೇ ಅವರ ಲೋಕ. ಎಲಿನರ್ ಅವರಿಗೆ ಆ ದಾರಿ ಅಷ್ಟಾಗಿ ಒಗ್ಗುತ್ತಿರಲಿಲ್ಲ. ಆದರೂ ಹಲ್ ಅವರ ಭಾಷೆಯಲ್ಲೇ ತಮ್ಮ ಪ್ರಶ್ನೆ ಕೇಳಿದರು: ಒಂದೇ ಥರ ಕಾಣುವ ವಸ್ತುಗಳನ್ನು ಬೇರೆ ಬೇರೆ ಅಂತ ಗುರುತಿಸಲು ಮನಸ್ಸು ಹೇಗೆ ಕಲಿಯುತ್ತದೆ? ಪಿಎಚ್‌ಡಿ ಬಂದದ್ದು 1938ರಲ್ಲಿ. ಅದನ್ನು ಆಧರಿಸಿದ ಲೇಖನ 1940ರಲ್ಲಿ ಅಚ್ಚಾಯಿತು. ಮುಂದಿನ ಅರವತ್ತು ವರ್ಷ ಅವರು ಈ ಪ್ರಶ್ನೆಯನ್ನು ಕೈಬಿಡಲಿಲ್ಲ.

ಹದಿನಾರು ವರ್ಷ ಸಂಬಳವಿಲ್ಲದೆ ದುಡಿದರಂತೆ? ಅದು ಹೇಗೆ ಸಾಧ್ಯ?

ಎರಡನೇ ಮಹಾಯುದ್ಧದ ಕಾಲದಲ್ಲಿ ಜೇಮ್ಸ್ ವಾಯುಪಡೆಯ ಮನೋವಿಜ್ಞಾನದ ಕೆಲಸಕ್ಕೆ ಹೋದರು. ಎಲಿನರ್ ಇಬ್ಬರು ಚಿಕ್ಕ ಮಕ್ಕಳ ಜೊತೆ ಅವರ ಹಿಂದೆ ಊರೂರು ತಿರುಗಿದರು. ಯುದ್ಧ ಮುಗಿದ ಮೇಲೆ ಸ್ಮಿತ್‌ಗೆ ವಾಪಸ್. 1949ರಲ್ಲಿ ಜೇಮ್ಸ್ ಅವರಿಗೆ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಎಲಿನರ್ ಆ ಹೊತ್ತಿಗೆ ಪಿಎಚ್‌ಡಿ ಆದವರು, ಪಾಠ ಮಾಡಿದವರು, ಲೇಖನ ಬರೆದವರು. ಆದರೆ ಕಾರ್ನೆಲ್‌ನಲ್ಲಿ ಒಂದು ನಿಯಮ ಇತ್ತು. ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಕೆಲಸ ಕೊಡುವ ಹಾಗಿಲ್ಲ. ಸ್ವಜನ ಪಕ್ಷಪಾತ ತಡೆಯಲು ಮಾಡಿದ ನಿಯಮ ಅಂತ ಹೆಸರು. ಅದು ಯಾರ ಕೆಲಸ ತಪ್ಪಿಸುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹೀಗಾಗಿ ‘ಸಂಶೋಧನಾ ಸಹವರ್ತಿ’ ಅಂತ ಒಂದು ಹೆಸರು ಕೊಟ್ಟರು. ಸಂಬಳವಿಲ್ಲ. ತಮ್ಮದು ಅನ್ನುವ ಲ್ಯಾಬ್ ಇಲ್ಲ. 1960ರ ದಶಕದ ನಡುವಿನವರೆಗೂ ಹೀಗೇ ನಡೆಯಿತು, ಒಟ್ಟು ಹದಿನಾರು ವರ್ಷ. ಪಠ್ಯಪುಸ್ತಕದ ಆ ಗಾಜಿನ ಮೇಜಿನ ಪ್ರಯೋಗ ನಡೆದದ್ದು ಈ ಹದಿನಾರು ವರ್ಷದ ಒಳಗೇ.

ಸ್ವಂತ ಲ್ಯಾಬ್ ಇಲ್ಲದವರು ಏನು ಮಾಡುತ್ತಾರೆ? ಯಾರ ಹತ್ತಿರ ಜಾಗ ಇದೆಯೋ ಅವರ ಜೊತೆ ಸೇರುತ್ತಾರೆ. ವಾಯುಪಡೆಯ ಹಣದಲ್ಲಿ ಬಯಲಲ್ಲಿ ನಿಂತು ದೂರ ಅಂದಾಜು ಮಾಡುವ ತರಬೇತಿಯ ಅಧ್ಯಯನ ಮಾಡಿದರು. ಬೇರೆಯವರ ಇಲಿ, ಬೇರೆಯವರ ಆಡು, ಬೇರೆಯವರ ಅನುದಾನ. ಅವರ ಕೆಲಸದ ಪಟ್ಟಿ ನೋಡಿದರೆ ಆಡು, ಇಲಿ, ಸೈನಿಕ, ಮಕ್ಕಳು ಅಂತ ಎಲ್ಲಿಂದೆಲ್ಲಿಗೋ ಹಾರಿದ ಹಾಗೆ ಕಾಣುತ್ತದೆ. ನನಗನ್ನಿಸುವ ಮಟ್ಟಿಗೆ ಆ ಹಾರಾಟವೇ ಅವರ ಗೆಲುವು. ಜಾಗ ಬದಲಾದಂತೆ ಪ್ರಾಣಿ ಬದಲಾಯಿತು, ಪ್ರಶ್ನೆ ಮಾತ್ರ ಅದೇ ಉಳಿಯಿತು. ಹಾಗಂತ ಸಂಬಳ ಕೊಡದೇ ಇದ್ದದ್ದು ಒಳ್ಳೆಯದೇ ಆಯಿತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆಡಿನ ಮರಿಗಳ ಕಥೆ ಏನು?

ಕಾರ್ನೆಲ್‌ಗೆ ಬಂದ ಹೊಸದರಲ್ಲಿ ಹೊವರ್ಡ್ ಲಿಡೆಲ್ ನಡೆಸುತ್ತಿದ್ದ ‘ಬಿಹೇವಿಯರ್ ಫಾರ್ಮ್’ನಲ್ಲಿ ಪ್ರಯೋಗ ಮಾಡಲು ಜಾಗ ಸಿಕ್ಕಿತು. ಅಲ್ಲಿ ಆಡು, ಕುರಿಗಳ ಮೇಲೆ ಪ್ರಯೋಗ ನಡೆಯುತ್ತಿತ್ತು. ತಾಯಿಗೂ ಮರಿಗೂ ನಡುವಿನ ನಂಟು ಹೇಗೆ ಬೆಳೆಯುತ್ತದೆ ಅಂತ ಎಲಿನರ್ ನೋಡಲು ಹೊರಟರು. ಆಡು ಅವಳಿ ಹಾಕುವುದು ಮಾಮೂಲು. ಹುಟ್ಟಿದ ಕೂಡಲೇ ಒಂದು ಮರಿಯನ್ನು ತಾಯಿಯ ಹತ್ತಿರ ಬಿಡಬಹುದು, ಇನ್ನೊಂದನ್ನು ಬೇರೆ ಥರ ನೋಡಿಕೊಳ್ಳಬಹುದು. ಹೋಲಿಸಲು ಇದಕ್ಕಿಂತ ಅನುಕೂಲ ಬೇಕೇ?

ಒಂದು ದಿನ ಹೆರಿಗೆಯ ಹೊತ್ತು. ಮೊದಲ ಮರಿ ಬಂತು, ಅದನ್ನು ತೊಳೆದರು. ಅಷ್ಟರಲ್ಲಿ ಎರಡನೆಯದೂ ಬರತೊಡಗಿತು. ಕೈಯಲ್ಲಿರುವ ಒದ್ದೆ ಮರಿಯನ್ನು ಎಲ್ಲಿಡುವುದು? ಎತ್ತರದ ಒಂದು ಸ್ಟ್ಯಾಂಡ್ ಮೇಲೆ ಇಡಿ ಅಂದರು ಫಾರ್ಮ್ ನೋಡಿಕೊಳ್ಳುವಾತ. ಬಿದ್ದುಬಿಡುವುದಿಲ್ಲವೇ ಅಂತ ಇವರಿಗೆ ದಿಗಿಲು. ಆತನಿಗೆ ಏನೂ ಅನ್ನಿಸಲಿಲ್ಲ. ಹುಟ್ಟಿ ಕೆಲವೇ ನಿಮಿಷ ಆಗಿದ್ದ ಆ ಮರಿ ಅಂಗೈಯಗಲದ ಜಾಗದ ಮೇಲೆ ನಾಲ್ಕು ಗೊರಸು ಒತ್ತಿ ನಿಂತಿತು. ಕದಲಲಿಲ್ಲ, ಬೀಳಲೂ ಇಲ್ಲ.

ಆ ಅಧ್ಯಯನ ಮಾತ್ರ ಮುಗಿಯಲೇ ಇಲ್ಲ. ಈಸ್ಟರ್ ರಜೆ ಮುಗಿಸಿ ಬಂದು ನೋಡಿದರೆ ಜೋಪಾನವಾಗಿ ಬೆಳೆಸಿದ್ದ ಮರಿಗಳಲ್ಲಿ ಕೆಲವು ಇಲ್ಲ. ಹಬ್ಬದ ಉಡುಗೊರೆ ಅಂತ ಯಾರಿಗೋ ಕೊಟ್ಟುಬಿಟ್ಟಿದ್ದರು. ಸ್ವಂತ ಲ್ಯಾಬ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು ಇದೇ ಕಥೆ.

ಗಾಜಿನ ಮೇಜಿನ ಪ್ರಯೋಗ ಹೊಳೆದದ್ದು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಅಂತಾರೆ. ಹೌದಾ?

ಕಣಿವೆಯ ಅಂಚಿನಲ್ಲಿ ಪುಟ್ಟ ಮಗು ಆಡುತ್ತಿತ್ತು, ತಾಯಿಗೆ ಭಯವಾಯಿತು, ಪ್ರಯೋಗ ಹೊಳೆಯಿತು. ಕಥೆ ಚೆನ್ನಾಗಿದೆ. ಎಲ್ಲರೂ ಹೇಳುತ್ತಾರೆ. ಆದರೆ ಪ್ರಯೋಗ ನಿಜವಾಗಿ ಶುರುವಾದದ್ದು ಇಲಿಗಳಿಂದ, ಅದೂ ‘ಇಷ್ಟು ಕಷ್ಟಪಟ್ಟು ಸಾಕಿದ್ದೇವೆ, ಸುಮ್ನೆ ಬಿಡುವುದೇಕೆ’ ಅನ್ನುವ ಲೆಕ್ಕಾಚಾರದಿಂದ.

1950ರ ದಶಕದ ನಡುವೆ ಎಲಿನರ್ ಕಾರ್ನೆಲ್‌ನ ರಿಚರ್ಡ್ ವಾಕ್ ಜೊತೆ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೆಲವು ಇಲಿಗಳ ಪಂಜರದ ಗೋಡೆಗೆ ತ್ರಿಕೋನ, ವೃತ್ತದ ಆಕಾರಗಳನ್ನು ತೂಗುಹಾಕಿದ್ದರು. ಸುಮ್ಮನೆ ನೋಡುತ್ತಾ ಬೆಳೆದ ಆ ಇಲಿಗಳು ಮುಂದೆ ಆ ಆಕಾರಗಳನ್ನು ಬೇಗ ಗುರುತಿಸಲು ಕಲಿತವು. ಇನ್ನೊಂದು ಕಡೆ ಪೂರ್ತಿ ಕತ್ತಲಲ್ಲಿ ಬೆಳೆಸಿದ ಇಲಿಗಳಿದ್ದವು. ಕತ್ತಲಲ್ಲಿ ಇಲಿ ಸಾಕುವುದು ಎಂಥ ಕೆಲಸ ಯೋಚಿಸಿ. ಊಟ ಹಾಕುವುದು, ಪಂಜರ ತೊಳೆಯುವುದು ಎಲ್ಲ ತಡಕಾಡಿಕೊಂಡೇ. ಇಷ್ಟೆಲ್ಲ ಮಾಡಿ ಒಂದೇ ಪರೀಕ್ಷೆಗೆ ಮುಗಿಸುವುದಾ? ಇನ್ನೂ ಒಂದು ಮಾಡಿಬಿಡೋಣ ಅಂದುಕೊಂಡರು. ಆಳ ಗೊತ್ತಾಗುತ್ತದಾ ನೋಡೋಣ.

ಸಹಾಯಕ ಥಾಮಸ್ ಟೈ ಜೊತೆ ಸೇರಿ ಒಂದು ಗಾಜಿನ ಹಲಗೆ, ಅದನ್ನು ಹಿಡಿಯಲು ಕಂಬಿಗಳು, ಚಿತ್ತಾರದ ಗೋಡೆ ಕಾಗದ ಹುಡುಕಿ ತಂದರು. ಗಾಜಿನ ಒಂದು ಅರ್ಧದ ಕೆಳಗೆ ಕಾಗದ ತಾಗಿಕೊಂಡೇ ಇದೆ. ಇನ್ನೊಂದು ಅರ್ಧದ ಕೆಳಗೆ ಕಾಗದ ನೆಲದ ಹತ್ತಿರ. ನಡುವೆ ಒಂದು ಹಲಗೆ. ಇಲಿಯನ್ನು ಹಲಗೆಯ ಮೇಲೆ ಇಟ್ಟು ಸುಮ್ಮನಾದರು. ಬೆಳಕಲ್ಲಿ ಬೆಳೆದವು ಆಳವಿಲ್ಲದ ಕಡೆಗೇ ಇಳಿದವು. ಕತ್ತಲಲ್ಲಿ ಬೆಳೆದವೂ ಆ ಕಡೆಗೇ ಇಳಿದವು! ಎಲ್ಲೋ ತಪ್ಪಾಗಿರಬೇಕು ಅಂತ ಎರಡೂ ಕಡೆ ಕಾಗದವನ್ನು ಗಾಜಿಗೆ ತಾಗಿಸಿ ಇಟ್ಟು ನೋಡಿದರು. ಆಗ ಇಲಿಗಳು ಎರಡೂ ಕಡೆಗೆ ಇಳಿದವು. ಅಲ್ಲಿಗೆ ಖಾತ್ರಿಯಾಯಿತು. 1957ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇದಕ್ಕೆ ‘ವಿಶುವಲ್ ಕ್ಲಿಫ್’ ಅಂತ ಹೆಸರಾಯಿತು. ಕಣ್ಣಿಗೆ ಮಾತ್ರ ಕಾಣುವ ಪ್ರಪಾತ.

ಕೂಸುಗಳ ಮೇಲೆ ಪ್ರಯೋಗ ಹೇಗೆ ಮಾಡಿದರು?

ದೊಡ್ಡ ಮೇಜು, ಗಟ್ಟಿ ಗಾಜು, ಕೆಳಗೆ ಚೌಕಳಿ ಹಾಸು. ಆಳದ ಕಡೆ ಹಾಸು ಸುಮಾರು ಒಂದು ಮೀಟರ್ ಕೆಳಗೆ. 6ರಿಂದ 14 ತಿಂಗಳ 36 ಕೂಸುಗಳು. ಮಗುವನ್ನು ನಡುವಿನ ಹಲಗೆಯ ಮೇಲೆ ಕೂರಿಸುವುದು. ತಾಯಿ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಬಾ ಬಾ ಅಂತ ಕರೆಯುವುದು.

36ರಲ್ಲಿ 9 ಮಕ್ಕಳು ಹಲಗೆ ಬಿಟ್ಟು ಅಲ್ಲಾಡಲೇ ಇಲ್ಲ. ಉಳಿದ 27 ಮಕ್ಕಳೂ ಆಳವಿಲ್ಲದ ಕಡೆಗೆ ಒಂದು ಸಲವಾದರೂ ಅಂಬೆಗಾಲಿಟ್ಟು ಹೋದರು. ಆಳದ ಗಾಜಿನ ಮೇಲೆ ಹೋದವರು 3 ಮಾತ್ರ. ಕೆಲವರು ಗಾಜನ್ನು ಕೈಯಿಂದ ತಟ್ಟಿ ನೋಡಿದರು. ಗಟ್ಟಿಯಾಗಿದೆ ಅಂತ ಕೈ ಹೇಳುತ್ತಿದೆ, ಏನೂ ಇಲ್ಲ ಅಂತ ಕಣ್ಣು ಹೇಳುತ್ತಿದೆ. ಅವರು ನಂಬಿದ್ದು ಕಣ್ಣನ್ನು. ಆ ಕಡೆ ನಿಂತ ತಾಯಿಯ ಹತ್ತಿರ ಹೋಗಲಾರದೆ ಅತ್ತವರೂ ಇದ್ದರು.

ಮರಿಗಳನ್ನೂ ಬಿಡಲಿಲ್ಲ. ಕೋಳಿಮರಿ ಹುಟ್ಟಿ ಒಂದು ದಿನ ತುಂಬುವ ಮೊದಲೇ ಆಳದ ಕಡೆ ಕಾಲಿಡಲಿಲ್ಲ. ಆಡಿನ ಮರಿಯೂ ಅಷ್ಟೇ. ಕತ್ತಲಲ್ಲಿ 27 ದಿನ ಬೆಳೆದ ಬೆಕ್ಕಿನ ಮರಿಗಳಿಗೆ ಮಾತ್ರ ಮೊದಲು ಎರಡೂ ಕಡೆ ಒಂದೇ ಆಗಿತ್ತು. ಒಂದು ವಾರ ಬೆಳಕಲ್ಲಿ ಇದ್ದ ಮೇಲೆ ಅವೂ ಸರಿಹೋದವು. ಆಮೆಗಳು ಸ್ವಲ್ಪ ಧೈರ್ಯಸ್ಥರು. ನೀರಲ್ಲಿ ಇರುವ ಪ್ರಾಣಿಗೆ ಬೀಳುವುದರ ಚಿಂತೆ ಅಷ್ಟಿರಲಿಕ್ಕಿಲ್ಲ. ಇದೆಲ್ಲ 1960ರ ಏಪ್ರಿಲ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಆ ಚಿತ್ರಗಳಿಂದಲೇ ಲೋಕಕ್ಕೆಲ್ಲ ಗೊತ್ತಾಯಿತು.

ಹಾಗಾದರೆ ಆಳದ ಭಯ ಹುಟ್ಟಿನಿಂದಲೇ ಬರುತ್ತದೆ ಅಂತ ಸಾಬೀತಾಯಿತಲ್ಲ?

ಪಠ್ಯಪುಸ್ತಕಗಳಲ್ಲಿ ಹಾಗೆ ಬರೆದಿರುತ್ತಾರೆ. ಆದರೆ ಎರಡು ತೊಡಕಿದೆ.

ಮೊದಲನೆಯದು, ಆರು ತಿಂಗಳ ಮಗು ಹೊಸದಾಗಿ ಹುಟ್ಟಿದ್ದೇನಲ್ಲ. ಅಂಬೆಗಾಲು ಬಂದ ಮೇಲೆ ತಾನೇ ಈ ಪರೀಕ್ಷೆ ಮಾಡಲು ಬರುವುದು. ಅಷ್ಟರಲ್ಲಿ ಅದು ಎಷ್ಟು ಸಲ ಮುಗ್ಗರಿಸಿರುತ್ತದೋ. 1970ರಲ್ಲಿ ಜೋಸೆಫ್ ಕ್ಯಾಂಪೋಸ್ ಮತ್ತು ಜೊತೆಗಾರರು ಸುಮಾರು ಎರಡು ತಿಂಗಳ ಕೂಸುಗಳನ್ನು ಆಳದ ಗಾಜಿನ ಮೇಲೆ ಬೋರಲು ಮಲಗಿಸಿ ಎದೆಬಡಿತ ಅಳೆದರು. ಬಡಿತ ನಿಧಾನವಾಯಿತು. ಹೆದರಿದರೆ ಜೋರಾಗಬೇಕಿತ್ತು. ಕೂಸು ಏನೋ ವ್ಯತ್ಯಾಸ ಕಂಡು ಕುತೂಹಲದಿಂದ ನೋಡುತ್ತಿತ್ತು, ಅಷ್ಟೇ.

ಎರಡನೆಯದು, ಆ ಕಡೆ ಹೋಗದೇ ಇರುವುದಕ್ಕೂ ಹೆದರುವುದಕ್ಕೂ ವ್ಯತ್ಯಾಸ ಇದೆ. ಅಂಚಿನಲ್ಲಿ ನಿಂತ ಎಷ್ಟೋ ಮಕ್ಕಳು ಆರಾಮಾಗಿ ಇಣುಕುತ್ತವೆ, ನಗುತ್ತವೆ, ಬೇರೆ ದಾರಿ ಹುಡುಕುತ್ತವೆ. 1985ರ ಒಂದು ಅಧ್ಯಯನದಲ್ಲಿ ಆಳವನ್ನು ಕಡಿಮೆ ಮಾಡಿ, ಸುಮಾರು 30 ಸೆಂಟಿಮೀಟರ್ ಮಾತ್ರ ಇಟ್ಟು, ಒಂದು ವರ್ಷದ ಮಕ್ಕಳನ್ನು ಬಿಟ್ಟರು. ತಾಯಿ ನಗುಮುಖ ಮಾಡಿದಾಗ 19ರಲ್ಲಿ 14 ಮಕ್ಕಳು ದಾಟಿದರು. ಭಯದ ಮುಖ ಮಾಡಿದಾಗ 17ರಲ್ಲಿ ಒಬ್ಬರೂ ದಾಟಲಿಲ್ಲ. ಏನು ಮಾಡಲಿ ಅಂತ ತಿಳಿಯದಿದ್ದಾಗ ಮಗು ಅಮ್ಮನ ಮುಖ ನೋಡುತ್ತದೆ.

ಎಲಿನರ್ ಕೂಡ ಹುಟ್ಟುಗುಣವೋ ಕಲಿಕೆಯೋ ಅನ್ನುವ ಜಗಳದಲ್ಲಿ ಒಂದು ಕಡೆ ನಿಲ್ಲಲು ಆಸೆಪಟ್ಟವರಲ್ಲ. ಮಗು ಏನನ್ನು ಗಮನಿಸುತ್ತಿದೆ, ಅದರಿಂದ ಏನು ಮಾಡುತ್ತಿದೆ ಅನ್ನೋದು ಅವರಿಗೆ ಮುಖ್ಯವಾಗಿತ್ತು.

ಅಂದರೆ ಮಗುವನ್ನು ಮಂಚದ ಮೇಲೆ ಒಂದೇ ಬಿಡಬಹುದು ಅಂತಾಯಿತಾ?

ಖಂಡಿತ ಇಲ್ಲ. ಇದನ್ನು ಗಿಬ್ಸನ್ ಮತ್ತು ವಾಕ್ ಅವರೇ ಬರೆದಿದ್ದಾರೆ. ಎಷ್ಟೋ ಕೂಸುಗಳು ಆಳದಿಂದ ತಿರುಗಿ ಹೋಗುವಾಗ ಹಿಂಭಾಗ ಆಳದ ಗಾಜಿನ ಮೇಲೆಯೇ ಬಂತು. ಗಾಜು ಇಲ್ಲದಿದ್ದರೆ ಬಿದ್ದೇ ಬೀಳುತ್ತಿದ್ದವು. ಕಣ್ಣು ಪಳಗಿದಷ್ಟು ಮೈ ಪಳಗಿರುವುದಿಲ್ಲ.

ಈ ಒಂದು ಪ್ರಯೋಗ ಬಿಟ್ಟರೆ ಬೇರೇನು ಮಾಡಿದರು?

ನಿಜ ಹೇಳಬೇಕೆಂದರೆ ಅವರ ಮುಖ್ಯ ಕೆಲಸ ಬೇರೆಯೇ. ಆಗ ನಡೆಯುತ್ತಿದ್ದ ವಾದ ಹೀಗಿತ್ತು: ಕಣ್ಣಿಗೆ ಬರುವ ಮಾಹಿತಿ ಅರೆಬರೆ, ಅನುಭವದಿಂದ ನಾವು ಅದಕ್ಕೆ ಅರ್ಥ ಸೇರಿಸುತ್ತಾ ಹೋಗುತ್ತೇವೆ. ಗಿಬ್ಸನ್ ದಂಪತಿ 1955ರ ಲೇಖನದಲ್ಲಿ ಇದನ್ನು ತಿರುಗಿಸಿ ಹಾಕಿದರು. ಮಾಹಿತಿ ಹೊರಗೇ ಬೇಕಾದಷ್ಟಿದೆ. ನಾವು ಸೇರಿಸುವುದು ಏನೂ ಇಲ್ಲ, ಮೊದಲು ಕಾಣದ ವ್ಯತ್ಯಾಸಗಳು ಆಮೇಲೆ ಕಾಣತೊಡಗುತ್ತವೆ. ಅಕ್ಕಿ ಆರಿಸುವವರ ಕಣ್ಣು ಇದಕ್ಕೆ ಒಳ್ಳೆಯ ಉದಾಹರಣೆ. ಮೊರದಲ್ಲಿ ಮೊದಲು ಬರೀ ಅಕ್ಕಿ ಕಾಣುತ್ತದೆ. ಪಳಗಿದ ಮೇಲೆ ಕಲ್ಲು ತಾನಾಗಿ ಎದ್ದು ಕಾಣುತ್ತದೆ.

1960ರ ದಶಕದಲ್ಲಿ ಮಕ್ಕಳು ಅಕ್ಷರ ಗುರುತಿಸುವುದರ ಕಡೆ ತಿರುಗಿದರು. 1962ರ ಒಂದು ಅಧ್ಯಯನಕ್ಕೆ ಅಕ್ಷರದಂತೆ ಕಾಣುವ, ಆದರೆ ಅಕ್ಷರ ಅಲ್ಲದ ಆಕಾರಗಳನ್ನು ಬರೆದು, 4ರಿಂದ 8 ವರ್ಷದ ಮಕ್ಕಳಿಗೆ ತೋರಿಸಿದರು. ಗೆರೆ ಕೂಡಿದ ಕಡೆ ಸಂದು ಬಿಟ್ಟರೆ ಚಿಕ್ಕವರಿಗೂ ಗೊತ್ತಾಗುತ್ತಿತ್ತು. ಆಕಾರ ತಿರುಗಿದರೆ, ಕನ್ನಡಿಯಲ್ಲಿ ಕಂಡಂತೆ ಆದರೆ ಗೊತ್ತಾಗುತ್ತಿರಲಿಲ್ಲ. ಯಾಕೆ? ಲೋಟ ಮಗುಚಿದರೂ ಲೋಟವೇ. ಅಕ್ಷರ ತಿರುಗಿದರೆ ಬೇರೆ ಅಕ್ಷರ. ಓದು ಕಲಿಯುವ ತನಕ ಆ ವ್ಯತ್ಯಾಸ ನೋಡಬೇಕಾದ ಅಗತ್ಯವೇ ಮಗುವಿಗೆ ಬಂದಿರುವುದಿಲ್ಲ. ‘ಪ’ಕ್ಕೂ ‘ಫ’ಕ್ಕೂ ‘ಷ’ಕ್ಕೂ ತಡವರಿಸುವ ಮಗುವನ್ನು ಬೈಯುವ ಮೊದಲು ಇದು ನೆನಪಿರಲಿ.

1969ರಲ್ಲಿ ಗ್ರಹಿಕೆಯ ಕಲಿಕೆಯ ಬಗ್ಗೆ ದೊಡ್ಡ ಪುಸ್ತಕ ಬಂತು. 1975ರಲ್ಲಿ ಹ್ಯಾರಿ ಲೆವಿನ್ ಜೊತೆ ಓದಿನ ಮನೋವಿಜ್ಞಾನದ ಮೇಲೆ ಇನ್ನೊಂದು.

‘ಅಫಾರ್ಡೆನ್ಸ್’ ಅನ್ನುವ ಪದ ಇವರದಾ?

ಪದ ಜೇಮ್ಸ್ ಅವರದು. ಒಂದು ವಸ್ತು ನಮಗೆ ಏನು ಮಾಡಲು ಆಸ್ಪದ ಕೊಡುತ್ತದೆ ಅನ್ನೋದು ಅದರ ಅರ್ಥ. ಕುರ್ಚಿ ಕೂರಲು ಆಸ್ಪದ ಕೊಡುತ್ತದೆ, ಆದರೆ ಇನ್ನೂ ಕೂರಲು ಬಾರದ ಕೂಸಿಗೆ ಕೊಡುವುದಿಲ್ಲ. ಇದನ್ನು ಮಕ್ಕಳ ಕಡೆ ತಂದದ್ದು ಎಲಿನರ್. 1987ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಕ್ಕಳ ಮುಂದೆ ಒಂದು ಗಟ್ಟಿ ನೆಲ, ಒಂದು ನೀರು ತುಂಬಿದ ಹಾಸಿಗೆ ಇಟ್ಟರು. ಅಂಬೆಗಾಲಿನ ಮಕ್ಕಳು ಎರಡರ ಮೇಲೂ ಹೋದವು. ನಡೆಯಲು ಕಲಿತ ಮಕ್ಕಳು ತುಳುಕುವ ಹಾಸಿಗೆಯ ಮುಂದೆ ನಿಂತು, ನೋಡಿ, ಮುಟ್ಟಿ, ಕೊನೆಗೆ ಮಂಡಿಯೂರಿ ದಾಟಿದವು. ಹಾಸಿಗೆ ಅದೇ. ಕಾಲು ಬದಲಾಗಿತ್ತು.

ಗುರುವಾಗಿ ಹೇಗಿದ್ದರು? ಅವರ ಶಿಷ್ಯರು ಯಾರು?

ಆನ್ ಪಿಕ್, ಹರ್ಬರ್ಟ್ ಪಿಕ್ ದಂಪತಿ ಕಾರ್ನೆಲ್‌ನಲ್ಲಿ ಕಲಿತು ಮಿನೆಸೋಟದಲ್ಲಿ ನೆಲೆಸಿದರು. ಅಕ್ಷರದಂಥ ಆಕಾರಗಳ ಆ ಕೆಲಸವನ್ನು ಮುಂದುವರಿಸಿದವರು ಆನ್. ಅರ್ಲೀನ್ ವಾಕರ್ ಆಂಡ್ರೂಸ್ ಮಕ್ಕಳು ಮುಖಭಾವ ಮತ್ತು ದನಿಯನ್ನು ಹೇಗೆ ಜೋಡಿಸಿಕೊಳ್ಳುತ್ತಾರೆ ಅಂತ ನೋಡಿದರು. ಎಲಿಜಬೆತ್ ಸ್ಪೆಲ್ಕಿ 1978ರಲ್ಲಿ ಕಾರ್ನೆಲ್‌ನಿಂದ ಪಿಎಚ್‌ಡಿ ಪಡೆದು, ಈಗ ಶಿಶು ಮನೋವಿಜ್ಞಾನದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಕ್ಯಾರನ್ ಅಡಾಲ್ಫ್ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಎಲಿನರ್ ಜೊತೆ ಕಲಿತವರು. ಆ ಹೊತ್ತಿಗೆ ಎಲಿನರ್ ಅವರಿಗೆ ವಯಸ್ಸು ಎಂಬತ್ತರ ಆಸುಪಾಸು!

ಅಡಾಲ್ಫ್ ಮಾಡಿದ ಕೆಲಸ ನೋಡಿದರೆ ಗುರುವಿನ ಕೈ ಕಾಣುತ್ತದೆ. ಗಾಜು ತೆಗೆದರು, ಏರಿಳಿಸಬಹುದಾದ ನಿಜವಾದ ಇಳಿಜಾರು ಇಟ್ಟರು. ಬಿದ್ದರೆ ಹಿಡಿಯಲು ಪಕ್ಕದಲ್ಲಿ ಒಬ್ಬರು. ಅಂಬೆಗಾಲಿನಲ್ಲಿ ವಾರಗಟ್ಟಲೆ ಪಳಗಿದ ಮಗು ಕಡಿದಾದ ಇಳಿಜಾರು ಕಂಡರೆ ನಿಲ್ಲುತ್ತದೆ. ಅದೇ ಮಗು ಹೊಸದಾಗಿ ನಡೆಯಲು ಕಲಿತ ಮೇಲೆ ಅದೇ ಇಳಿಜಾರಿಗೆ ಧುಮುಕುತ್ತದೆ. ಆಳದ ಭಯ ಅಂತ ಒಂದು ಇದ್ದಿದ್ದರೆ ನಡೆಯಲು ಬಂದ ಕೂಡಲೇ ಅದು ಎಲ್ಲಿ ಹೋಯಿತು? ಒಂದೊಂದು ಭಂಗಿಗೂ ಮತ್ತೆ ಮೊದಲಿಂದ ಕಲಿಯಬೇಕು. ಗುರುವಿನ ಹೆಸರಾಂತ ಪ್ರಯೋಗಕ್ಕೆ ಪಠ್ಯಪುಸ್ತಕಗಳು ಕೊಟ್ಟ ಅರ್ಥವನ್ನು ಶಿಷ್ಯೆಯೇ ಹೀಗೆ ಅಲುಗಾಡಿಸಿದರು.

ಶಿಷ್ಯರೆಲ್ಲ ಅವರ ಮಾತನ್ನೇ ಒಪ್ಪಿದರಾ?

ಇಲ್ಲ, ಗುರುವಾಗಿ ಅವರನ್ನು ಅಳೆಯುವುದಾದರೆ ನಾನು ಮೊದಲು ನೋಡುವುದು ಇದನ್ನೇ. ಸ್ಪೆಲ್ಕಿ 1976ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ನಾಲ್ಕು ತಿಂಗಳ ಕೂಸುಗಳ ಮುಂದೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಓಡಿಸಿ, ನಡುವಿನಿಂದ ಒಂದರ ಶಬ್ದ ಮಾತ್ರ ಕೇಳಿಸಿದರು. ಕೂಸುಗಳು ಶಬ್ದಕ್ಕೆ ಹೊಂದುವ ಚಿತ್ರವನ್ನೇ ಜಾಸ್ತಿ ನೋಡಿದವು. ಕಿವಿ, ಕಣ್ಣು ಬೇರೆ ಬೇರೆ ಶುರುವಾಗಿ ಆಮೇಲೆ ಸೇರುವುದಿಲ್ಲ, ಮೊದಲಿಂದಲೂ ಜೊತೆಗೇ ಕೆಲಸ ಮಾಡುತ್ತವೆ ಅನ್ನುವ ಎಲಿನರ್ ಅವರ ವಿಚಾರಕ್ಕೆ ಇದು ಸರಿಯಾಗಿ ಕೂರುತ್ತದೆ. ಆದರೆ ಸ್ಪೆಲ್ಕಿ ಅಲ್ಲಿ ನಿಲ್ಲಲಿಲ್ಲ. ವಸ್ತು, ಸಂಖ್ಯೆ, ಜಾಗದ ಬಗ್ಗೆ ಒಂದಿಷ್ಟು ಮೂಲ ತಿಳಿವಳಿಕೆ ಹುಟ್ಟಿನಿಂದಲೇ ಇರುತ್ತದೆ ಅಂತ ವಾದಿಸಿದರು. ಎಲಿನರ್ ಅವರಿಗೆ ಅದು ಒಪ್ಪಿಗೆಯಾಗುವ ಮಾತಲ್ಲ. ಒಂದೇ ಗುರುವಿನ ಹತ್ತಿರ ಕಲಿತ ಸ್ಪೆಲ್ಕಿ ಒಂದು ದಡ, ಅಡಾಲ್ಫ್ ಇನ್ನೊಂದು ದಡ.

ಕೊನೆಗೂ ಸ್ವಂತ ಲ್ಯಾಬ್ ಸಿಕ್ಕಿತಾ?

ಸಿಕ್ಕಿತು. 1975ರಲ್ಲಿ, ಅವರಿಗೆ 64 ವಯಸ್ಸಾದಾಗ. ಕೂಸುಗಳ ಅಧ್ಯಯನಕ್ಕೆ ಕಾರ್ನೆಲ್‌ನಲ್ಲಿ ಅವರದೇ ಲ್ಯಾಬ್ ಆಯಿತು. ನಾಲ್ಕೇ ವರ್ಷಕ್ಕೆ ನಿವೃತ್ತಿಯೂ ಬಂತು. 1979ರ ಡಿಸೆಂಬರ್‌ನಲ್ಲಿ ಜೇಮ್ಸ್ ತೀರಿಕೊಂಡರು. ಆಮೇಲೂ ಎಲಿನರ್ ಇಪ್ಪತ್ತು ವರ್ಷ ಬರೆದರು. 2000ದಲ್ಲಿ ಆನ್ ಪಿಕ್ ಜೊತೆ ಒಂದು ಪುಸ್ತಕ. ಮೂವತ್ತೈದು ವರ್ಷ ಕಳೆದ ಮೇಲೂ ಹಳೆಯ ಶಿಷ್ಯೆ ಜೊತೆಗಿದ್ದರು. 2002ರಲ್ಲಿ, ತೀರಿಕೊಂಡ ವರ್ಷವೇ, ತಮ್ಮ ಮತ್ತು ಜೇಮ್ಸ್ ಅವರ ಬದುಕಿನ ಬಗ್ಗೆ ಇನ್ನೊಂದು.

ಪ್ರಶಸ್ತಿಗಳು?

1971ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆ. 1972ರಲ್ಲಿ ಕಾರ್ನೆಲ್‌ನ ಸೂಸನ್ ಲಿನ್ ಸೇಜ್ ಪೀಠದ ಪ್ರೊಫೆಸರ್, ಅಲ್ಲಿ ದತ್ತಿ ಪೀಠ ಪಡೆದ ಮೊದಲ ಹೆಂಗಸು. 1992ರಲ್ಲಿ ನ್ಯಾಷನಲ್ ಮೆಡಲ್ ಆಫ್ ಸೈನ್ಸ್.

ಆ ಕಾಲದಲ್ಲಿ ಎಲ್ಲ ಹೆಂಗಸರಿಗೂ ಹೀಗೇನಾ?

ಸ್ವಲ್ಪ ಹಿಂದಕ್ಕೆ ಹೋದರೆ ಇನ್ನೂ ವಿಚಿತ್ರ. ಮೇರಿ ಕ್ಯಾಲ್ಕಿನ್ಸ್ ಹಾರ್ವರ್ಡ್‌ನಲ್ಲಿ ಪಿಎಚ್‌ಡಿಗೆ ಬೇಕಾದ್ದೆಲ್ಲ ಮಾಡಿದರೂ ಹೆಂಗಸು ಅಂತ ಪದವಿ ಕೊಡಲಿಲ್ಲ. ಅವರೇ 1905ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾದರು. ಮನೋವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಹೆಂಗಸು ಮಾರ್ಗರೆಟ್ ವಾಶ್‌ಬರ್ನ್. ಕೊಟ್ಟದ್ದು ಯಾರು ಗೊತ್ತಾ? ಕಾರ್ನೆಲ್, 1894ರಲ್ಲಿ. ಅವರ ಗುರು ಟಿಚನರ್ ಆಮೇಲೆ ಪ್ರಯೋಗಕಾರರ ಒಂದು ಕೂಟ ಕಟ್ಟಿ, ಅದಕ್ಕೆ ಹೆಂಗಸರನ್ನು ಸೇರಿಸಲಿಲ್ಲ. ಹೆಂಗಸಿಗೆ ಮೊದಲ ಪಿಎಚ್‌ಡಿ ಕೊಟ್ಟ ಆ ಕಾರ್ನೆಲ್‌ನಲ್ಲೇ, ಐವತ್ತೈದು ವರ್ಷ ಕಳೆದ ಮೇಲೆ, ಎಲಿನರ್ ಸಂಬಳವಿಲ್ಲದೆ ಕೆಲಸ ಶುರು ಮಾಡಿದ್ದು.

ಅವರ ಪ್ರಯೋಗ ಯಾವುದನ್ನಾದರೂ ನಾವೇ ಮಾಡಿ ನೋಡಬಹುದಾ?

ಗಾಜಿನ ಮೇಜು ಬೇಡ. 1955ರ ಗೀಚು ಪರೀಕ್ಷೆ ಮಾಡಿ. ಒಂದು ಕಾರ್ಡಿನ ಮೇಲೆ ಸ್ಪ್ರಿಂಗಿನ ಹಾಗೆ ನಾಲ್ಕು ಸುತ್ತಿನ ಒಂದು ಗೀಚು ಬರೆಯಿರಿ. ಇದು ಮೂಲ. ಬೇರೆ ಕಾರ್ಡುಗಳಲ್ಲಿ ಅದನ್ನೇ ಸ್ವಲ್ಪ ಬದಲಿಸಿ: ಮೂರು ಸುತ್ತು, ಐದು ಸುತ್ತು, ಸ್ವಲ್ಪ ಒತ್ತಿದ್ದು, ಸ್ವಲ್ಪ ಎಳೆದದ್ದು, ಎಡಬಲ ತಿರುಗಿದ್ದು. ಎಲ್ಲ ಬೆರಸಿದರೆ ಹದಿನೇಳು ಥರ ಆಗುತ್ತದೆ. ಗಿಬ್ಸನ್ ದಂಪತಿ ಮಾಡಿದ್ದೂ ಹದಿನೇಳೇ. ಪೂರ್ತಿ ಬೇರೆ ಥರದ ಕೆಲವು ಚಿತ್ರ, ಮೂಲದ್ದೇ ನಾಲ್ಕು ಪ್ರತಿ ಸೇರಿಸಿ ಕಲಸಿ.

ಮೂಲವನ್ನು ಐದು ಸೆಕೆಂಡು ತೋರಿಸಿ. ಆಮೇಲೆ ಒಂದೊಂದೇ ಕಾರ್ಡು ತೋರಿಸಿ ‘ಇದೇನಾ?’ ಅಂತ ಕೇಳಿ. ಸರಿ, ತಪ್ಪು ಏನೂ ಹೇಳಬೇಡಿ. ಕಾರ್ಡುಗಳೆಲ್ಲ ಮುಗಿದ ಮೇಲೆ ಮೂಲವನ್ನು ಮತ್ತೆ ತೋರಿಸಿ, ಮೊದಲಿಂದ ಶುರು ಮಾಡಿ. ಅವರ ಅಧ್ಯಯನದಲ್ಲಿ ಹೀಗೆ ಎಲ್ಲ ಕಾರ್ಡನ್ನೂ ಸುಮಾರು ಮೂರು ಸಲ ನೋಡಿದ್ದೇ ದೊಡ್ಡವರಿಗೆ ಸಾಕಾಯಿತು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಕೊನೆಗೂ ಪೂರ್ತಿ ಸರಿ ಹೇಳಲಿಲ್ಲ, ಆದರೂ ಸುತ್ತಿನಿಂದ ಸುತ್ತಿಗೆ ತಪ್ಪು ಕಡಿಮೆಯಾಗುತ್ತಾ ಹೋಯಿತು.

ಯಾರೂ ಹೇಳಿಕೊಡದೆ ಕಡಿಮೆಯಾಯಿತು ಅನ್ನೋದನ್ನು ಗಮನಿಸಿ. ಎರಡನೇ ಸುತ್ತಿನ ಹೊತ್ತಿಗೆ ಎದುರು ಕೂತವರು ‘ಓ, ಇದರಲ್ಲಿ ಒಂದು ಸುಳಿ ಜಾಸ್ತಿ ಇದೆ’ ಅಂದರೆ ಅದನ್ನು ಬರೆದಿಟ್ಟುಕೊಳ್ಳಿ.